ಸ್ಯಾಕ್ಸೋಫೋನಿಗೆ ಎರಡೂ ತುಟಿ

ಪರ್ಕಳದ ಸುತ್ತಮುತ್ತ ಮದುವೆಗೂ ಉತ್ಸವಕ್ಕೂ ಸ್ಯಾಕ್ಸೋಫೋನ್ ಬೇಕು. ಸೀಸನ್ ಮುಗಿಯುವಾಗ ನುಡಿಸುವ ನಮ್ಮ ಕೆಳತುಟಿಯ ಒಳಗೆ ಹಲ್ಲಿನ ಗಾಯ. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ತುಟಿ ಕೆಟ್ಟರೆ ಮರುದಿನದ ಸಂಪಾದನೆಯೂ ಇಲ್ಲ.

ಸಾಮಾನ್ಯವಾಗಿ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ, ಮಡಚಿದ ಕೆಳತುಟಿ ರೀಡಿನ ಅಡಿಗೆ. ದಣಿದಾಗ ದವಡೆ ಬಿಗಿಯುತ್ತದೆ. ರೀಡ್ ಸರಿಯಾಗಿ ಕಂಪಿಸದೆ ಸ್ವರ ತೆಳ್ಳಗಾಗುತ್ತದೆ, ಶ್ರುತಿ ಏರುತ್ತದೆ.

ಕಾರ್ಯಕ್ರಮವಿಲ್ಲದ ಈ ಮಳೆಗಾಲದಲ್ಲಿ ಮೇಲ್ತುಟಿಯನ್ನೂ ಹಲ್ಲಿನ ಮೇಲೆ ಮಡಚಿ ಊದಿ ನೋಡಿದೆವು. ಕ್ಲಾರಿನೆಟ್‌ನವರಲ್ಲಿ ಇದು ಹಳೆಯ ಕ್ರಮ. ನಾಗಸ್ವರದವರೂ ರೀಡನ್ನು ಹಿಡಿಯುವುದು ತುಟಿಗಳ ನಡುವೆಯೇ. ನಮ್ಮ ಜಿಲ್ಲೆಗಳಿಗೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿಸಿದ ಕದ್ರಿ ಗೋಪಾಲನಾಥ್ ಅವರೂ ನಾಗಸ್ವರದ ಮನೆಯವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಕಂಡ ವಾದ್ಯಕ್ಕೆ ಗಮಕ ಕಲಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದರು.

ಮೊದಲು ಐದೇ ನಿಮಿಷಕ್ಕೆ ಮೇಲ್ತುಟಿ ಉರಿಯಿತು. ಆದರೆ ಕಚ್ಚಿದರೆ ಎರಡೂ ತುಟಿಗೆ ನೋವಾಗುವುದರಿಂದ ದವಡೆ ತಾನಾಗಿ ಸಡಿಲವಾಯಿತು. ಸ್ವರ ದುಂಡಗಾಯಿತು, ಜಾರು ಸುಲಭವಾಯಿತು. ಕತ್ತಿನ ಪಟ್ಟಿಯನ್ನು ಮೌತ್‌ಪೀಸ್ ನೇರ ಬಾಯಿಗೆ ಬರುವಷ್ಟು ಏರಿಸಬೇಕು. ಕ್ಲಾರಿನೆಟ್ ಆದರೆ ಕುಳಿತು, ತುದಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಮೆರವಣಿಗೆಯಲ್ಲಿ ನಡೆಯುತ್ತಾ ಇದು ಆಗದು, ವಾದ್ಯ ಅಲ್ಲಾಡುತ್ತದೆ. ಅಲ್ಲಿ ಹಳೆಯ ಕ್ರಮವೇ. ಆದರೆ ದಿನಕ್ಕೆ ಹತ್ತು ನಿಮಿಷ ಎರಡು ತುಟಿಯಲ್ಲಿ ಊದಿದ ಮೇಲೆ, ಹಳೆಯ ಕ್ರಮದಲ್ಲೂ ಕಚ್ಚುವುದು ಕಡಿಮೆಯಾಗಿದೆ. ನೀವೂ ನುಡಿಸುವವರಾದರೆ ಸೀಸನ್ ಶುರುವಾಗುವ ಮೊದಲೇ ನೋಡಿ.