ಲೇಬಲ್ ಇದೆ, ಬೆಲೆ ಇಲ್ಲ

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಆದರೂ ಯಾರಾದರೂ ತಾವಾಗಿಯೇ ಕರೆದು ಪುಕ್ಕಟೆ ಕೊಟ್ಟರೆ ಮೊದಲು ಹುಟ್ಟುವುದು ಅನುಮಾನವೇ. ಕಳೆದ ವರ್ಷ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ನನ್ನ ಬಳಿ ಬಂದದ್ದು ಅಂಥದೇ ಅನುಮಾನ ಹೊತ್ತು. "ಸಾರ್, ಇವನು ಇಂಟರ್‌ನೆಟ್‌ನಿಂದ ಹಾಡು ಇಳಿಸ್ಕೋತಾ ಇದಾನೆ. ಕೇಳಿದ್ರೆ ಕಂಪನಿಯೋರೇ ಬಿಟ್ಟಿ ಕೊಡ್ತಾರೆ ಅಂತಾನೆ. ಬಿಟ್ಟಿ ಕೊಟ್ರೆ ಅದೆಂಥ ಕಂಪನಿ ಸಾರ್? ನಾಳೆ ಕೇಸು ಗೀಸು ಆದ್ರೆ?"

ವಿಷಯ ಇಷ್ಟು. ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಹುಡುಗರು ಅಂತರ್ಜಲದ ಬಗ್ಗೆ ನಾಲ್ಕು ನಿಮಿಷದ ಒಂದು ಚಿತ್ರ ಮಾಡಿ, ಹಿನ್ನೆಲೆಗೆ ಒಂದು ಸಿನಿಮಾ ಹಾಡು ಸೇರಿಸಿ ಅಂತರಜಾಲಕ್ಕೆ ಏರಿಸಿದ್ದರು. ಎರಡೇ ದಿನದಲ್ಲಿ ಹಾಡಿನ ಹಕ್ಕುದಾರರ ತಕರಾರು ಬಂತು, ಧ್ವನಿ ಬಂದ್ ಆಯಿತು, ಬೋರ್‌ವೆಲ್ ಕೊರೆಯುವ ದೃಶ್ಯ ಮೂಕಿ ಚಿತ್ರವಾಯಿತು. ಬೇರೆ ಸಂಗೀತ ಹುಡುಕುತ್ತ ಹೋದ ಹುಡುಗರಿಗೆ ಸಿಕ್ಕಿದ್ದು 'ನೆಟ್‌ಲೇಬಲ್' ಎಂಬ ಲೋಕ.

ಲೇಬಲ್ ಎಂದರೆ ಮೂಲದಲ್ಲಿ ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸುತ್ತಿದ್ದ ಗುಂಡನೆಯ ಕಾಗದ. ಕಹಳೆಯ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ಹಿರಿಯರಿಗೆ ನೆನಪಿರಬಹುದು. ನಾವು ಹುಡುಗರಾಗಿದ್ದಾಗ ಅದು ಕ್ಯಾಸೆಟ್ಟಿನ ಹೊದಿಕೆಗೆ ಬಂತು; ಸಂಗೀತಾ, ಲಹರಿ ಎಂಬ ಹೆಸರು ನೋಡಿಯೇ ಕೊಳ್ಳುತ್ತಿದ್ದವರಿದ್ದರು. ನೆಟ್‌ಲೇಬಲ್ಲಿನವರು ಈ ಕಂಪನಿಗಳ ಎಲ್ಲ ಶಾಸ್ತ್ರವನ್ನೂ ಪಾಲಿಸುತ್ತಾರೆ. ಪ್ರತಿ ಬಿಡುಗಡೆಗೂ ಕ್ರಮಸಂಖ್ಯೆ, ಮುಖಪುಟದ ಚಿತ್ರ, ನಾಲ್ಕು ಸಾಲಿನ ಪರಿಚಯ, ಎಲ್ಲ ಉಂಟು. ತಟ್ಟೆಯೂ ಇಲ್ಲ, ಅಂಗಡಿಯೂ ಇಲ್ಲ, ಬೆಲೆಯೂ ಇಲ್ಲ ಅಷ್ಟೇ.

ಇದು ಶುರುವಾದ ಬಗೆ ವಿಜ್ಞಾನದ ಮೇಷ್ಟರಾದ ನನಗೆ ಬಹಳ ಹಿಡಿಸಿತು. ಸಿ.ಡಿ.ಯಲ್ಲಿ ಧ್ವನಿಯನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ಒಂದೊಂದು ಅಳತೆಗೂ 16 ಬಿಟ್, ಎಡ ಬಲ ಎರಡು ಕಿವಿಗೆ ಎರಡು ಪಟ್ಟು. ಅಂದರೆ ಸೆಕೆಂಡಿಗೆ 14,11,200 ಬಿಟ್. ಮೂರು ನಿಮಿಷದ ಹಾಡು ಸುಮಾರು 32 ಮೆಗಾಬೈಟ್ ಆಯಿತು. 1990ರ ದಶಕದ ನಡುವಿನಲ್ಲಿ ಟೆಲಿಫೋನ್ ತಂತಿಯ ಮೇಲೆ ಸೆಕೆಂಡಿಗೆ 14,400 ಬಿಟ್ ಸಾಗಿಸುವ ಮೋಡೆಮ್ ಇದ್ದವನಿಗೆ ಆ ಒಂದು ಹಾಡು ತಲುಪಲು ಹತ್ತಿರ ಹತ್ತಿರ ಐದು ಗಂಟೆ! ಟೆಲಿಫೋನ್ ಬಿಲ್ಲು ಬೇರೆ.

ಯೂರೋಪಿನ ಹುಡುಗರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ 1987ರಲ್ಲಿ ಅಮಿಗಾ ಕಂಪ್ಯೂಟರಿಗೆಂದು ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಎಂಬ ತಂತ್ರಾಂಶ ಬರೆದ. ಅದರಲ್ಲಿ ಇಡೀ ಹಾಡಿನ ಧ್ವನಿಯನ್ನು ಕಳಿಸುವುದಿಲ್ಲ. ಡೋಲಿನ ಒಂದು ಪೆಟ್ಟು, ತಂತಿಯ ಒಂದು ಮೀಟು, ಹೀಗೆ ಕೆಲವು ತುಣುಕುಗಳು, ಜೊತೆಗೆ ಯಾವಾಗ ಯಾವ ಸ್ವರದಲ್ಲಿ ಯಾವುದನ್ನು ನುಡಿಸಬೇಕೆಂಬ ಪಟ್ಟಿ. ಸಾರು ಕಳಿಸುವ ಬದಲು ಸಾರಿನ ಪುಡಿಯನ್ನೂ ಮಾಡುವ ವಿಧಾನವನ್ನೂ ಪೊಟ್ಟಣ ಕಟ್ಟಿ ಕಳಿಸಿದ ಹಾಗೆ. ಅಡುಗೆ ನಿಮ್ಮ ಕಂಪ್ಯೂಟರಿನಲ್ಲಿ. ಇಂಥ ಒಂದು ಕಡತ 200 ಕಿಲೋಬೈಟ್ ಇದ್ದರೆ ಅದೇ ಮೋಡೆಮ್ಮಿನಲ್ಲಿ ಎರಡು ನಿಮಿಷದೊಳಗೆ ಬಂದುಬಿಡುತ್ತದೆ. ಈ ಹುಡುಗರ ಬಳಗವನ್ನು ಡೆಮೊಸೀನ್ ಎನ್ನುತ್ತಾರೆ. ಚಿಕ್ಕ ಕಂಪ್ಯೂಟರಿನಿಂದ ದೊಡ್ಡ ಚಮತ್ಕಾರ ಮಾಡಿಸಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದೇ ಅವರ ಕಸುಬು. ಮಾರುವ ಮಾತೇ ಇರಲಿಲ್ಲ. ಫಿನ್ಲೆಂಡ್ ದೇಶ 2020ರಲ್ಲಿ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಮಗ ಕಂಪ್ಯೂಟರ್ ಮುಂದೆ ಕೂತು ಹಾಳಾದ ಎಂದು ಅಲ್ಲಿಯ ತಾಯಂದಿರೂ ಬೈದಿರಬೇಕು.

ಆ ಬಳಗದಿಂದಲೇ ನೆಟ್‌ಲೇಬಲ್‌ಗಳು ಹುಟ್ಟಿದವು. ಬ್ರಿಟನ್ನಿನ ಸೈಮನ್ ಕಾರ್‌ಲೆಸ್ 1996ರಲ್ಲಿ ಆರಂಭಿಸಿದ ಮೊನೊಟೋನಿಕ್ ಮೊದಲಿನವುಗಳಲ್ಲಿ ಒಂದು. ಅಷ್ಟರಲ್ಲಿ ಎಂ.ಪಿ.3 ಬಂದಿತ್ತು. ತೇರಿನ ಮುಂದೆ ತಮಟೆ ಬಡಿಯುವಾಗ ಪಕ್ಕದವನ ಪಿಸುಮಾತು ನಮಗೆ ಕೇಳುವುದಿಲ್ಲ. ಕೇಳದ್ದನ್ನು ಕಡತದಲ್ಲಿ ಹೊರುವುದೇಕೆ ಎಂಬುದೇ ಅದರ ತತ್ವ. ಸಾಮಾನ್ಯ ದರ್ಜೆಯ ಎಂ.ಪಿ.3ಯಲ್ಲಿ ಹಾಡಿನ ತೂಕ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು.

ಇನ್ನು ಆ ತಂದೆಯವರ ಕೇಸಿನ ಭಯಕ್ಕೆ ಬರೋಣ. ಪುಕ್ಕಟೆ ಎಂದರೆ ಹಕ್ಕಿಲ್ಲದ್ದು ಎಂದಲ್ಲ. ಹಕ್ಕು ಸಂಗೀತಗಾರನದೇ. ಆತ ಕೆಲವು ಷರತ್ತಿನ ಮೇಲೆ ಎಲ್ಲರಿಗೂ ಮೊದಲೇ ಅನುಮತಿ ಬರೆದುಕೊಟ್ಟಿರುತ್ತಾನೆ. ಅಮೆರಿಕದಲ್ಲಿ 2001ರಲ್ಲಿ ಸ್ಥಾಪನೆಯಾದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರ ಡಿಸೆಂಬರಿನಲ್ಲಿ ಇಂಥ ಪರವಾನಗಿಗಳನ್ನು ಸಿದ್ಧಮಾಡಿ ಕೊಟ್ಟಿತು. ಹುಡುಗರು ನೋಡಬೇಕಾದ್ದು ಅದರ ಗುರುತುಗಳನ್ನು. ಮನುಷ್ಯನ ಆಕೃತಿ ಇದ್ದರೆ ರಚಿಸಿದವರ ಹೆಸರು ಹೇಳಬೇಕು. ಡಾಲರ್ ಮೇಲೆ ಗೀಟು ಎಳೆದಿದ್ದರೆ ವ್ಯಾಪಾರಕ್ಕೆ ಬಳಸಬಾರದು. ಸಮ ಚಿಹ್ನೆ ಇದ್ದರೆ ಇದ್ದಂತೆಯೇ ಹಂಚಬೇಕು, ಬದಲಿಸಿ ಹಂಚಬಾರದು. ಇಲ್ಲೊಂದು ಸೂಕ್ಷ್ಮವಿದೆ. ಚಿತ್ರಕ್ಕೆ ಹಿನ್ನೆಲೆಯಾಗಿ ಸಂಗೀತ ಕೂಡಿಸುವುದೂ ಬದಲಿಸಿದಂತೆಯೇ ಲೆಕ್ಕ. ನಮ್ಮ ಹುಡುಗರು ಆರಿಸಿ ತಂದ ಆರು ತುಣುಕುಗಳಲ್ಲಿ ನಾಲ್ಕಕ್ಕೆ ಸಮ ಚಿಹ್ನೆ ಇತ್ತು. ಕೇಳಬಹುದು, ಗೆಳೆಯರಿಗೆ ಕೊಡಬಹುದು, ಅಂತರ್ಜಲದ ಚಿತ್ರಕ್ಕೆ ಹಾಕುವಂತಿಲ್ಲ. ಗೊಣಗಿಕೊಂಡೇ ಮತ್ತೆ ಹುಡುಕಿದರು. ಬೀಜಗಣಿತದಲ್ಲಿ ಆ ಚಿಹ್ನೆಯನ್ನು ಅಷ್ಟು ಗಮನವಿಟ್ಟು ನೋಡಿದವರಲ್ಲ.

ಹಾಗಾದರೆ ಸಂಗೀತಗಾರನ ಹೊಟ್ಟೆಪಾಡು? ತಂದೆತಾಯಂದಿರು ಕೇಳಲೇಬೇಕಾದ ಪ್ರಶ್ನೆ ಇದು. ರೇಡಿಯೋಹೆಡ್ ತಂಡ 2007ರಲ್ಲಿ ತನ್ನ ಹಾಡುಗಳಿಗೆ ಮನಸ್ಸಿಗೆ ಬಂದಷ್ಟು ಕೊಡಿ ಎಂದಿತಲ್ಲ ಎಂದು ಉದಾಹರಣೆ ಕೊಡುವವರಿದ್ದಾರೆ. ಅವರು ಅಷ್ಟರಲ್ಲಾಗಲೇ ಜಗತ್ಪ್ರಸಿದ್ಧರು, ಅವರ ಮಾತು ಬೇರೆ. ಮೊನೊಟೋನಿಕ್‌ನಲ್ಲಿ ಪುಕ್ಕಟೆ ಹಾಡು ಕೊಟ್ಟ ಫಿನ್ಲೆಂಡಿನ ಲಾಸಿ ನಿಕ್ಕೊನ ಧ್ವನಿಮುದ್ರಿಕೆಯನ್ನು 2001ರಲ್ಲಿ ವಾರ್ಪ್ ಎಂಬ ಹೆಸರಾಂತ ಕಂಪನಿ ಹೊರತಂದದ್ದು ನಿಜ. ಆದರೆ ಅಂಥವರು ಎಷ್ಟು ಮಂದಿ? ಹೆಚ್ಚಿನವರು ಬೇರೆ ನೌಕರಿ ಮಾಡಿಕೊಂಡು ರಾತ್ರಿ ಸಂಗೀತ ಕಟ್ಟುವವರು. ಇದನ್ನು ಹುಡುಗರಿಗೆ ಮುಚ್ಚಿಡದೆ ಹೇಳಿಬಿಡುವುದು ಒಳ್ಳೆಯದು.

ಇನ್ನೊಂದು ದಾರಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಜರ್ಮನಿಯ ಪಿಯಾನೋ ವಾದಕಿ ಕಿಮಿಕೊ ಇಶಿಝಾಕಾ ಅವರು ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿ 2012ರಲ್ಲಿ ಯಾವ ಷರತ್ತೂ ಇಲ್ಲದೆ ಲೋಕಕ್ಕೆ ಬಿಟ್ಟರು. ಖರ್ಚಿಗೆ ಮೊದಲೇ ಸಾರ್ವಜನಿಕರಿಂದ ಹಣ ಕೂಡಿಸಲಾಗಿತ್ತು. ಚಂದಾ ಎತ್ತಿ ನಾಟಕ ಆಡಿಸಿದರೆ ಕೊಟ್ಟವರೂ ನೋಡುತ್ತಾರೆ, ಕೊಡದವರೂ ನೋಡುತ್ತಾರೆ. ನಮ್ಮ ಹಳ್ಳಿಗಳಿಗೆ ಇದೇನೂ ಹೊಸ ಅರ್ಥಶಾಸ್ತ್ರವಲ್ಲ.

ನೆಟ್‌ಲೇಬಲ್ಲಿನ ಸಂಗೀತವೆಲ್ಲ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಎಷ್ಟೋ ಹಾಡುಗಳು ಹಿಟ್ಟಿನ ಗಿರಣಿಯ ಮುಂದೆ ನಿಂತಂತೆ ಕೇಳಿಸುತ್ತವೆ. ಆದರೂ ಅಲ್ಲೊಬ್ಬ ಕೂತು ಬಂದದ್ದನ್ನೆಲ್ಲ ಕೇಳಿ, ಇದು ಇರಲಿ, ಇದು ಬೇಡ ಎಂದು ಆರಿಸಿದ್ದಾನೆ. ಸಂಬಳವಿಲ್ಲದೆ ಮಾಡಿದ ಆ ಕೆಲಸ ನನಗೆ ಹಾಡಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಅಂಥವನು ದಣಿದರೆ ಲೇಬಲ್ಲೂ ನಿಂತಿತು. ಮೊನೊಟೋನಿಕ್ 2009ರಲ್ಲಿ ನಿಂತದ್ದುಂಟು. ಆದರೆ ಅದರ ಹಾಡುಗಳು ಅಳಿದಿಲ್ಲ. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಅಂತರಜಾಲ ಗ್ರಂಥಾಲಯದಲ್ಲಿ ನೆಟ್‌ಲೇಬಲ್‌ಗಳಿಗೇ ಒಂದು ವಿಭಾಗವಿದೆ, ಅಲ್ಲಿವೆ. ಇದಕ್ಕೆ ವಿರುದ್ಧವಾದದ್ದು ಮೈಸ್ಪೇಸ್ ಕತೆ. 2015ಕ್ಕೆ ಹಿಂದೆ ಜನ ಅಲ್ಲಿಗೆ ಏರಿಸಿದ್ದ ಹಾಡುಗಳೆಲ್ಲ ಕಡತಗಳನ್ನು ಸ್ಥಳಾಂತರಿಸುವಾಗ ನಷ್ಟವಾದವು ಎಂಬುದು 2019ರಲ್ಲಿ ಬಯಲಾಯಿತು. ಕೋಟಿಗಟ್ಟಲೆ ಹಾಡುಗಳು. ಯಾರೋ ಹಿಂದೆ ನಕಲು ಮಾಡಿಟ್ಟಿದ್ದ ಸುಮಾರು 4,90,000 ಹಾಡುಗಳು ಮಾತ್ರ ಮತ್ತೆ ಸಿಕ್ಕಿದವು. ಒಂದೇ ಗೂಡಿನಲ್ಲಿಟ್ಟ ಮೊಟ್ಟೆ ಎಂದರೆ ಇದೇ. ನಕಲಿಗೆ ಅನುಮತಿ ಇರುವ ಹಾಡು ಹತ್ತು ಕಡೆ ಇರುತ್ತದೆ. ಒಂದು ಕಡೆ ಬೆಂಕಿ ಬಿದ್ದರೂ ಒಂಬತ್ತು ಉಳಿಯುತ್ತದೆ.

ಹುಡುಗರು ಇಳಿಸಿಕೊಂಡವುಗಳಲ್ಲಿ ಪರವಾನಗಿ ಸರಿಯಿರುವ ಮೂವತ್ತೆಂಟು ಹಾಡುಗಳು ಒಂದು ಪೆನ್‌ಡ್ರೈವಿನಲ್ಲಿ ನಮ್ಮ ಪ್ರಯೋಗಾಲಯದ ಬೀರುವಿನಲ್ಲಿವೆ, ಲಿಟ್ಮಸ್ ಕಾಗದದ ಡಬ್ಬಿಯ ಪಕ್ಕ. ಮೇಲೆ ಬಿಳಿ ಕಾಗದ ಅಂಟಿಸಿ ಕ್ರಮಸಂಖ್ಯೆ ಬರೆದಿದ್ದಾರೆ.