ಇನ್ನೊಂದು ನೂರಡಿ

ನಮ್ಮ ಸಾಲಗಾಮೆ ಕಡೆ ನೀರು ಕೈಕೊಟ್ಟರೆ ಮೊದಲು ಬಾಯಿಗೆ ಬರುವ ಮಾತು, "ಇನ್ನೊಂದು ನೂರಡಿ ಇಳಿಸಿ ನೋಡೋಣ." ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರನ್ನು ಕರೆಸಿ, ಸಾಲ ಮಾಡಿ, ಬಂಡೆಯ ಬಿಳಿ ದೂಳು ತೋಟವೆಲ್ಲ ಕವಿಯುವವರೆಗೂ ಬೋರು ಕೊರೆಸುತ್ತೇವೆ. ಆ ಮಾತು ಕೇಳಿಕೊಂಡೇ ಬೆಳೆದವನು ನಾನು. ಗುತ್ತಿಗೆದಾರರೊಬ್ಬರ ಕೈಕೆಳಗೆ ಸೂಪರ್‌ವೈಸರ್ ಆಗಿ ಲಕ್ಷದ್ವೀಪದ ಕಡ್ಮತ್‌ಗೆ ಹೋದಾಗಲೂ ತಲೆಯಲ್ಲಿ ಅದೇ ಇತ್ತು.

ಕಡ್ಮತ್ ಅಂದರೆ ಹವಳದ ಮೇಲೆ ಕೂತ ಉದ್ದನೆಯ ಮರಳುಪಟ್ಟಿ. ಅಗಲ ಹೆಚ್ಚಿರುವ ಕಡೆಯೂ ಅರ್ಧ ಕಿಲೋಮೀಟರಿನ ಆಸುಪಾಸು. 1956ರವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು; ಅಲ್ಲಿಯ ಓಡಗಳು ನಾರಿನ ಹುರಿ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದವು. ಹೊಳೆಯಿಲ್ಲ, ಹಳ್ಳವಿಲ್ಲ. ಮಳೆ ಮರಳಲ್ಲಿ ಇಂಗಬೇಕು, ಬಾವಿಯಲ್ಲಿ ಸಿಗಬೇಕು.

ಕಾಂಕ್ರೀಟ್ ಕ್ಯೂರಿಂಗ್‌ಗೆ ಸಿಹಿನೀರೇ ಬೇಕಿತ್ತು. ಉಪ್ಪುನೀರಾದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಪಕ್ಕದ ಮನೆಯವರು, "ನಮ್ಮ ಬಾವಿಯಿಂದ ಕೊಡದಲ್ಲಿ ಸೇದಿಕೊಳ್ಳಿ, ಮೋಟರ್ ಬೇಡ" ಎಂದಿದ್ದರು. ಕಾಸರಗೋಡಿನ ನಮ್ಮ ಮೇಸ್ತ್ರಿ ಅದನ್ನು ಕನ್ನಡದಲ್ಲಿ ತಿಳಿಸಿ ಹೇಳಿದ್ದ. ಬಾವಿಯ ತುಂಬ ನೀರಿರುವಾಗ ಯಾಕಪ್ಪ ಈ ಜಿಪುಣತನ ಅನ್ನಿಸಿತು. ಕೆಲಸ ಬೇಗ ಮುಗಿಸುವ ಆಸೆಗೆ ರಾತ್ರಿ ಹೊತ್ತು ಮೋಟರ್ ಇಳಿಸಿದೆ. ನೀರು ತಗ್ಗಿದಂತೆಲ್ಲ ಪೈಪನ್ನೂ ಕೆಳಕ್ಕೆ ಬಿಟ್ಟೆ.

ಬೆಳಿಗ್ಗೆ ಆ ಮನೆಯ ಅಜ್ಜಿ ಒಂದು ಲೋಟ ನೀರು ತಂದು ಕೈಗಿತ್ತರು. ಬಾಯಿಗಿಟ್ಟೆ, ಉಪ್ಪು. ಅವರು ಬೈಯಲಿಲ್ಲ, ನಾನು ನುಂಗುವುದನ್ನೇ ನೋಡುತ್ತಾ ನಿಂತಿದ್ದರು. ಉಗುಳಲು ಧೈರ್ಯ ಬರಲಿಲ್ಲ. ಹಿಂದಿನ ಮನೆಯ ಬಾವಿಯೂ ಉಪ್ಪುಪ್ಪಾಗಿತ್ತು ಅಂತ ಮೇಸ್ತ್ರಿ ಸಂಜೆ ಹೇಳಿದ. ಬಾವಿ ಮತ್ತೆ ಸಿಹಿಯಾಗಲು ಮಳೆಗಾಲವೇ ಬರಬೇಕಾಯಿತು. ಅಲ್ಲಿಯವರೆಗೆ ಅವರು ಕುಡಿದದ್ದು ಚಾವಣಿಯ ಮಳೆನೀರು ಹಿಡಿದಿಟ್ಟ ತೊಟ್ಟಿಯಿಂದ. ಅದರಲ್ಲೇ ನನಗೂ ದಿನಾ ಒಂದು ಬಿಂದಿಗೆ ಕಳಿಸುತ್ತಿದ್ದರು. ಬೇಡ ಅನ್ನಲು ಬೇರೆ ನೀರಿರಲಿಲ್ಲ. ಆ ಬಿಂದಿಗೆ ಇಸಿದುಕೊಳ್ಳುವಾಗ ಅವರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ತಿಳಿಯಿತು. ಸಿಹಿನೀರು ಹಗುರ, ಹಾಲಿನ ಮೇಲೆ ಕೆನೆ ನಿಂತ ಹಾಗೆ ದ್ವೀಪದಡಿಯ ಸಮುದ್ರದ ನೀರಿನ ಮೇಲೆ ನಿಂತಿರುತ್ತದೆ. ಲೆಕ್ಕದ ಪ್ರಕಾರ ಸಮುದ್ರಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ. ಮೇಲೆ ಒಂದಡಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಅದೇ ಲೆಕ್ಕದಲ್ಲಿ ಮೇಲೇಳುತ್ತದೆ. ಕೊಡದಲ್ಲಿ ಸೇದಿದರೆ ಮೇಲಿನದಷ್ಟೇ ಬರುತ್ತದೆ, ಬಾವಿಗೆ ಉಸಿರಾಡಲು ಬಿಡುವೂ ಸಿಗುತ್ತದೆ. ಅಲ್ಲಿಯದೇ ಇನ್ನೊಂದು ದ್ವೀಪ ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕ ಬಂತು, ದೊಡ್ಡ ಉಪಕಾರವೇ. ಆದರೂ ಬಾವಿಯ ಲೆಕ್ಕ ಅದರಿಂದ ಬದಲಾಗಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಶುಂಠಿ ಹೊಲಕ್ಕೆ ನೀರು ಚಿಮ್ಮಿಸುವ ಜೆಟ್‌ಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಮ್ಮದು ಬಂಡೆ ನೆಲ. ನೀರಿರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಅದೂ ಕೆರೆ, ಮಳೆ ಕೊಟ್ಟಿದ್ದೇ. ನಾವು ಆಳಕ್ಕೆ ಎಳೆದರೆ ಪಕ್ಕದವರ ತೆರೆದ ಬಾವಿ ಬತ್ತುತ್ತದೆ. ಉಪ್ಪು ಬಾರದ್ದರಿಂದ ಇಲ್ಲಿ ಯಾರೂ ಬಂದು ಲೋಟ ಕೈಗಿಡುವುದಿಲ್ಲ. ನಮ್ಮ ಬೋರು ಓಡುತ್ತಿದ್ದ ವರ್ಷಗಳಲ್ಲೇ ಕೆಳಗಿನ ಹೊಲದವರ ಬಾವಿ ಒಣಗಿತ್ತು. ಮಳೆ ಕಮ್ಮಿಯಾಯ್ತು ಅಂತ ನಾವೂ ಅವರ ಜೊತೆ ಕೂತು ಮರುಗಿದ್ದೆವು.

ಕಳೆದ ಬೇಸಿಗೆಯಲ್ಲಿ ಬೋರು ನಿಂತಿತು. "ಇನ್ನೊಂದು ನೂರಡಿ ಇಳಿಸಿದ್ರೆ ಸಿಗುತ್ತೆ ಕಣೋ" ಅಂದ ಅಣ್ಣ. "ಬೇಡ ಕಣಣ್ಣ" ಅಂದೆ. ಕಡ್ಮತ್ ಕಥೆ ಹೇಳಿದ್ದಕ್ಕೆ, "ಅದು ಸಮುದ್ರ, ಇದು ಸಾಲಗಾಮೆ" ಅಂದು ಎದ್ದು ಹೋದ. ಈ ವರ್ಷ ಶುಂಠಿ ಬಿಟ್ಟು ರಾಗಿ, ಅವರೆ ಹಾಕಿದ್ದೇವೆ. ಬೋರಿಗೆ ಸುರಿಯುವ ದುಡ್ಡಲ್ಲಿ ಕೆರೆಗೆ ನೀರು ಬರುವ ಕಾಲುವೆಯ ಹೂಳು ತೆಗೆಸೋಣ ಎಂಬುದು ನನ್ನ ವಾದ. ಅಣ್ಣ ಇನ್ನೂ ಹ್ಞೂಂ ಅಂದಿಲ್ಲ. ಕೆಳಗಿನ ಹೊಲದವರು ಮಾತ್ರ ಒಂದು ದಿನದ ಟ್ರ್ಯಾಕ್ಟರ್ ಬಾಡಿಗೆ ತಾವು ಕೊಡುವುದಾಗಿ ಹೇಳಿದ್ದಾರೆ.