ಬಣ್ಣದ ವೇಷದವರ ನಡುವೆ ನಾಲ್ಕು ದಿನ

ಪಿಕೊ ನಿಲ್ದಾಣದಲ್ಲಿ ನನಗಿಂತ ಮುಂದೆ ರೈಲಿನಿಂದ ಇಳಿದ ಹುಡುಗನಿಗೆ ಬಾಲವಿತ್ತು. ಅವನ ಹಿಂದೆ ಇಳಿದವಳಿಗೆ ಎರಡು ಕೊಂಬು. ಇಬ್ಬರೂ ಟಿಕೆಟ್ ಕಾರ್ಡನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು ನಡೆದರು. ನಾನೂ ಮೊಮ್ಮಗಳೂ ಅವರ ಹಿಂದೆ ಹೊರಟೆವು. 2024ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಊರು: ಲಾಸ್ ಏಂಜಲೀಸ್. ನಾವು ಹೋಗುತ್ತಿದ್ದದ್ದು ಅನಿಮೆ ಎಕ್ಸ್‌ಪೋ ಎಂಬ ಜಾತ್ರೆಗೆ.

ಅನಿಮೆ ಎಂದರೆ ಜಪಾನಿನ ಕಾರ್ಟೂನ್ ಚಿತ್ರ. ಅದರ ಅಭಿಮಾನಿಗಳೆಲ್ಲ ಸೇರುವ ಈ ಮೇಳ 1992ರಲ್ಲಿ ಸ್ಯಾನ್ ಹೋಸೆ ಊರಿನ ಒಂದು ಹೋಟೆಲಿನಲ್ಲಿ ಶುರುವಾಯಿತಂತೆ. 2008ರಿಂದ ಲಾಸ್ ಏಂಜಲೀಸಿನ ಕನ್ವೆನ್ಷನ್ ಸೆಂಟರಿನಲ್ಲಿ ನಡೆಯುತ್ತಿದೆ. ನಾಲ್ಕು ದಿನದಲ್ಲಿ ಬಂದು ಹೋಗುವವರು ಈಗ ಲಕ್ಷ ದಾಟುತ್ತಾರೆ.

ಮಗಳ ಮನೆ ಲಾಂಗ್ ಬೀಚ್‌ನಲ್ಲಿ. ಮೊಮ್ಮಗಳಿಗೆ ಇಪ್ಪತ್ತು ವರ್ಷ, ಕಾಲೇಜು ಓದುತ್ತಾಳೆ. ಬಿಡುವು ಸಿಕ್ಕಿತೆಂದರೆ ಟ್ಯಾಬ್ಲೆಟ್ಟಿನ ಮೇಲೆ ಅನಿಮೆ ರೀತಿಯ ಚಿತ್ರ ಬರೆಯುತ್ತ ಕೂರುತ್ತಾಳೆ. ಹಿಂದಿನ ಸಲ ಹೋಗಿದ್ದಾಗ ನಾನು, "ಇದರಿಂದ ಹೊಟ್ಟೆ ತುಂಬುತ್ತದೇನೇ ಪುಟ್ಟಿ?" ಎಂದು ಕೇಳಿಬಿಟ್ಟಿದ್ದೆ. ತಮಾಷೆಗೆ ಕೇಳಿದ್ದಲ್ಲ, ಅದು ಅವಳಿಗೂ ಗೊತ್ತಾಯಿತು. ಆಮೇಲೆ ನಾನು ಅವಳ ಕೋಣೆಗೆ ಹೋದಾಗಲೆಲ್ಲ ಟ್ಯಾಬ್ಲೆಟ್ಟನ್ನು ಬೋರಲು ಹಾಕುತ್ತಿದ್ದಳು. ಊರಿಗೆ ಮರಳಿದ ಮೇಲೆ ಫೋನಿನಲ್ಲಿ "ಹೇಗಿದೀಯ ಅಜ್ಜ" ಎನ್ನುವುದಕ್ಕಿಂತ ಹೆಚ್ಚು ಮಾತಿರಲಿಲ್ಲ.

ಈ ಸಲ ಅವಳಿಗೆ ಎಕ್ಸ್‌ಪೋದ ಕಲಾವಿದರ ಓಣಿಯಲ್ಲಿ ಮಾರಾಟಕ್ಕೆ ಒಂದು ಮೇಜು ಸಿಕ್ಕಿತ್ತು. ಜೊತೆಗೆ ಕೂರಬೇಕಾಗಿದ್ದ ಗೆಳತಿಗೆ ಬರಲಾಗಲಿಲ್ಲ. ಎರಡು ದಿನ ಸುಮ್ಮನಿದ್ದು, ಕೊನೆಗೆ ನನ್ನ ಬಳಿ ಬಂದಳು. "ಅಜ್ಜ, ನೀನು ದುಡ್ಡು ಎಣಿಸ್ತೀಯಾ?" ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಅದನ್ನೇ ಮಾಡಿದವನು ಇಲ್ಲವೆನ್ನುವುದುಂಟೇ?

ಕನ್ವೆನ್ಷನ್ ಸೆಂಟರಿನ ಗಾಜಿನ ಗೋಡೆಗಳ ಹೊರಗೆ ಸರದಿ ಸಾಲು ಬೀದಿ ತುಂಬ ಹಬ್ಬಿತ್ತು. ಬಿಸಿಲೋ ಬಿಸಿಲು. ಬಾಗಿಲಲ್ಲಿ ಬ್ಯಾಗಿನ ಜೊತೆಗೆ ಕತ್ತಿ, ಕೊಡಲಿಗಳನ್ನೂ ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದರು. ಎಲ್ಲ ಫೋಮು, ರಟ್ಟಿನವು. ಮೆಚ್ಚಿದ ಪಾತ್ರದ ಹಾಗೆ ಉಡುಪು ತೊಟ್ಟು ಬರುವುದಕ್ಕೆ ಕಾಸ್ಪ್ಲೇ ಎನ್ನುತ್ತಾರೆ. ಕಾಸ್ಟ್ಯೂಮ್, ಪ್ಲೇ ಎರಡನ್ನೂ ಕೂಡಿಸಿ ಜಪಾನಿನವರು ಮಾಡಿಕೊಂಡ ಪದ. ಹುಲ್ಲಿನ ಟೋಪಿಯವನು ಲೂಫಿ, ಹಣೆಪಟ್ಟಿಯವನು ನರುಟೊ, ಹಸಿರು ಕಪ್ಪು ಚೌಕಳಿ ಅಂಗಿಯವನು ತಾಂಜಿರೊ ಎಂದು ಪುಟ್ಟಿ ಹೇಳಿಕೊಡುತ್ತ ಬಂದಳು. ಗೋಡೆ ಬದಿಗೆ ಕೂತು ಒಬ್ಬರ ಕಿರೀಟ ಇನ್ನೊಬ್ಬರು ಬಿಗಿಯುತ್ತಿದ್ದದ್ದು, ಬೆವರಿಗೆ ಕರಗಿದ ಬಣ್ಣವನ್ನು ಕೈಗನ್ನಡಿ ಹಿಡಿದು ತಿದ್ದಿಕೊಳ್ಳುತ್ತಿದ್ದದ್ದು ನೋಡಿ ನನಗೆ ಸಾಗರದ ಬಯಲಾಟದ ಚೌಕಿ ನೆನಪಾಯಿತು. ಚಿಕ್ಕವನಿದ್ದಾಗ ಬಣ್ಣದ ವೇಷ ಸಿದ್ಧವಾಗುವುದನ್ನು ಇಣುಕಿ ನೋಡಲು ಹೋಗಿ ಬೈಸಿಕೊಂಡವನು ನಾನು.

ಕಲಾವಿದರ ಓಣಿ ಇದ್ದದ್ದು ನೆಲದಡಿಯ ಕೆಂಟಿಯಾ ಹಾಲ್ ಎಂಬ ದೊಡ್ಡ ಸಭಾಂಗಣದಲ್ಲಿ. ಸಾಲು ಸಾಲು ಮೇಜು. ಪ್ರತಿಯೊಂದರ ಹಿಂದೆಯೂ ತಾವೇ ಬರೆದ ಚಿತ್ರ, ಸ್ಟಿಕ್ಕರ್, ಕೀಚೈನ್ ಮಾರುವ ಹುಡುಗ ಹುಡುಗಿಯರು. ಪುಟ್ಟಿ ತಂತಿಯ ಚೌಕಟ್ಟಿಗೆ ಚಿತ್ರ ತೂಗುಹಾಕಿದಳು. ನಾನು ಒಂದು ಡಬ್ಬಿ, ಒಂದು ನೋಟ್‌ಬುಕ್ಕು ಇಟ್ಟುಕೊಂಡು ಕೂತೆ. ಅವಳು ಬರೆದದ್ದನ್ನೆಲ್ಲ ನಾನು ಸರಿಯಾಗಿ ನೋಡಿದ್ದು ಅವತ್ತೇ. ಒಂದು ಚಿತ್ರದಲ್ಲಿ ಕಾಡಿನ ಹುಡುಗ, ಪಕ್ಕದಲ್ಲಿ ಕರಿಚಿರತೆ.

"ಇವನು ಮೋಗ್ಲಿಯಲ್ಲವೇನೇ?"

"ಹೌದು. ಮಾಮ ಚಿಕ್ಕವನಿದ್ದಾಗ ಟೀವೀಲಿ ನೋಡ್ತಿದ್ದನಂತಲ್ಲ, ಅದೂ ಅನಿಮೆನೇ ಅಜ್ಜ."

ನಿಜವೇ. 1993ರ ಸುಮಾರಿಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ ಜಂಗಲ್ ಬುಕ್ ಧಾರಾವಾಹಿ ಜಪಾನಿನಲ್ಲಿ ತಯಾರಾದದ್ದು, ನಮಗೆ ಬಂದದ್ದು ಹಿಂದಿ ಮಾತು ಜೋಡಿಸಿಕೊಂಡು. ಮಗನ ಪಕ್ಕ ಕಾಫಿ ಲೋಟ ಹಿಡಿದು ಕೂತು ನಾನೂ ಒಂದು ವಾರ ತಪ್ಪಿಸಿರಲಿಲ್ಲ. ಅನಿಮೆ ಎಂಬ ಹೆಸರಷ್ಟೇ ಗೊತ್ತಿರಲಿಲ್ಲ.

ವ್ಯಾಪಾರ ಚೆನ್ನಾಗಿಯೇ ಆಯಿತು. ಹೆಚ್ಚಿನವರು ಕಾರ್ಡು, ಫೋನಿನಲ್ಲಿ ಕೊಟ್ಟರು. ನಗದು ನನ್ನ ಪಾಲು. ಎರಡನೆಯ ದಿನ ಸಂಜೆ ಎಣಿಸಿದರೆ ಹದಿನೈದು ಡಾಲರ್ ಕಡಿಮೆ! ಮೂರು ಸಲ ಎಣಿಸಿದೆ. ಅಷ್ಟೇ. ಆಮೇಲೆ ಹೊಳೆಯಿತು. ನಮ್ಮ ನೋಟುಗಳಲ್ಲಿ ಹತ್ತಕ್ಕೊಂದು ಬಣ್ಣ, ಐನೂರಕ್ಕೊಂದು ಬಣ್ಣ, ಅಳತೆಯೂ ಬೇರೆ. ಡಾಲರಿನಲ್ಲಿ ಒಂದರ ನೋಟಿಗೂ ನೂರರ ನೋಟಿಗೂ ಅಳತೆ ಒಂದೇ, ಬಣ್ಣವೂ ಹೆಚ್ಚುಕಡಿಮೆ ಹಸಿರೇ. ನೂಕುನುಗ್ಗಲಿನಲ್ಲಿ ಯಾರಿಗೋ ಐದರ ಬದಲು ಇಪ್ಪತ್ತರ ನೋಟು ಕೊಟ್ಟಿದ್ದೆ.

ಬ್ಯಾಂಕಿನಲ್ಲಿ ನಗದು ಕಡಿಮೆ ಬಿದ್ದರೆ ಕ್ಯಾಷಿಯರು ಕೈಯಿಂದ ಕಟ್ಟಿಕೊಡಬೇಕು. ನಾನು ನನ್ನ ಪರ್ಸ್ ತೆಗೆದೆ. ಪುಟ್ಟಿ ನನ್ನ ಕೈ ಹಿಡಿದಳು. "ಬೇಡ ಅಜ್ಜ. ಬೆಳಿಗ್ಗೆ ನಾನೂ ಒಬ್ಬರಿಗೆ ಎರಡು ಸ್ಟಿಕ್ಕರ್ ಜಾಸ್ತಿ ಕೊಟ್ಟೆ." ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ನಾನು ಕೇಳಲಿಲ್ಲ. ಲಾಂಗ್ ಬೀಚಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಅರ್ಧ ದಾರಿ ಕಳೆದ ಮೇಲೆ ಹೇಳಿದೆ: "ಅವತ್ತು ಹೊಟ್ಟೆ ತುಂಬುವ ಮಾತು ನಾನು ಆಡಬಾರದಿತ್ತು ಪುಟ್ಟಿ." ಅವಳು ಕಿಟಕಿ ಕಡೆ ತಿರುಗಿ "ಹೂಂ" ಎಂದಳು. ಸ್ವಲ್ಪ ಹೊತ್ತಿನ ನಂತರ ಟ್ಯಾಬ್ಲೆಟ್ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಮನೆ ಬರುವವರೆಗೂ ಒಂದೊಂದೇ ಚಿತ್ರ ತೋರಿಸಿದಳು.

ಮರುದಿನ ಬೆಳಿಗ್ಗೆ ಮೇಜಿನ ಮುಂದೆ ಒಂದು ರಾಕ್ಷಸಿ ಬಂದು ನಿಂತಿತು. ಗುಲಾಬಿ ನಿಲುವಂಗಿ, ಉದ್ದ ಕೂದಲು, ಬಾಯಿಗೆ ಅಡ್ಡಲಾಗಿ ಬಿದಿರಿನ ತುಂಡು. ನೆಝುಕೊ ಎಂದು ಪುಟ್ಟಿ ಪಿಸುಗುಟ್ಟಿದಳು. ರಾಕ್ಷಸಿಯಾದರೂ ಮನುಷ್ಯರನ್ನು ತಿನ್ನದವಳು ಆ ನೆಝುಕೊ. ಬಾಯಲ್ಲಿ ಬಿದಿರಿದ್ದದ್ದರಿಂದ ಮಾತಿಲ್ಲ. ಇಪ್ಪತ್ತರ ನೋಟನ್ನು ಎತ್ತಿ ಹಿಡಿದು, ನನ್ನನ್ನು ತೋರಿಸಿ, ಐದು ಬೆರಳು ತೋರಿಸಿದಳು. ನನಗೆ ಗಂಟಲು ಕಟ್ಟಿತು. ಐದರ ನೋಟನ್ನು ಎರಡು ಸಲ ನೋಡಿ ಕೊಟ್ಟೆ. ನನಗೆ ಬಾಗಿ ನಮಸ್ಕರಿಸಿ, ಜನರ ನಡುವೆ ಮರೆಯಾದಳು.

ಭಾನುವಾರ ಸಂಜೆ ಮೇಜು ಖಾಲಿ ಮಾಡಿ ಲೆಕ್ಕ ಮುಗಿಸಿದೆ. ಮೇಜಿನ ಬಾಡಿಗೆ, ಮುದ್ರಣ, ರೈಲು, ಊಟ ಎಲ್ಲ ಕಳೆದು ಉಳಿದದ್ದು 62 ಡಾಲರ್. ನಮ್ಮ ರೂಪಾಯಿಯಲ್ಲಿ ಐದು ಸಾವಿರದ ಆಸುಪಾಸು, ಅರ್ಧ ವರ್ಷದ ಕೆಲಸಕ್ಕೆ.

"ಹೊಟ್ಟೆ ತುಂಬುತ್ತಾ ಅಜ್ಜ?" ಪುಟ್ಟಿ ನಗುತ್ತ ಕೇಳಿದಳು.

"ಇವತ್ತು ರಾತ್ರಿ ಮನೆಮಂದಿಗೆಲ್ಲ ತುಂಬುತ್ತದೆ," ಎಂದೆ.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಖರ್ಚಿನ ಪಟ್ಟಿಯ ಕೊನೆಗೆ ಸೊಟ್ಟ ಕನ್ನಡ ಅಕ್ಷರಗಳಲ್ಲಿ ಇನ್ನೊಂದು ಸಾಲು ಸೇರಿಸಿದಳು: ಅಜ್ಜನ ಸಂಬಳ. ಮುಂದೆ ಮೊತ್ತ ಬರೆಯದೆ ಪುಸ್ತಕ ನನಗೇ ಕೊಟ್ಟಳು. ನಾನು "ಪಾವತಿಯಾಗಿದೆ" ಎಂದು ಬರೆದು, ಹಳೆಯ ರೂಢಿಯಂತೆ ಕೆಳಗೆ ಸಹಿ ಹಾಕಿದೆ.